ಜ್ವರ ಬಂದು ಸತ್ತ ಸಿಪಾಯಿಗೆ ವೀರಗಲ್ಲಿಲ್ಲ

ಮೊನ್ನೆ ಮಾತಾಡಿದ್ದನ್ನ ಬರೆದುಕೊಡಿ ಅಂತ ಕೆಲವರು ಕೇಳಿದ್ರು, ಅದಕ್ಕೆ ಇಲ್ಲಿ ಹಾಕ್ತಾ ಇದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಕೊನೇಲಿ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್ 23 ಬಂದ್ರೆ ನಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲಿರೋ ಮೈಸೂರು ಲ್ಯಾನ್ಸರ್ಸ್, ಅಂದ್ರೆ ಮೈಸೂರು ಸಂಸ್ಥಾನದ ಕುದುರೆ ದಂಡಿನ ಸ್ಮಾರಕಕ್ಕೆ ಹೂವಿನ ಹಾರ ಹಾಕ್ತಾರೆ, ಪೇಪರಲ್ಲಿ ಒಂದು ಫೋಟೋ ಬರತ್ತೆ, ವಾಟ್ಸಾಪಲ್ಲಿ ಇವತ್ತಿನ ಇಸ್ರೇಲಿನ ಹೈಫಾ ಊರಲ್ಲಿ ಆದ ಕಾಳಗದ ಕಥೆ ಓಡಾಡತ್ತೆ. ಕಥೆ ನಿಮ್ಮಲ್ಲಿ ತುಂಬ ಜನಕ್ಕೆ ಗೊತ್ತಿರೋದೇ. 1918ನೇ ಇಸವಿ, ಮೊದಲನೇ ಮಹಾಯುದ್ಧ ಮುಗಿಯೋ ಹೊತ್ತು, ಕಾರ್ಮೆಲ್ ಬೆಟ್ಟದ ಮೇಲೆ ಟರ್ಕಿ ಕಡೆಯವರ ಫಿರಂಗಿ, ಮೆಷಿನ್ ಗನ್, ಕೆಳಗಡೆ ಕಿಶೋನ್ ನದಿ ಜೌಗು, ಇದರ ಮಧ್ಯ ಬ್ರಿಟಿಷರ ಪರವಾಗಿ ಈಟಿ ಹಿಡ್ಕೊಂಡು ಕುದುರೆ ನುಗ್ಗಿಸಿದ ಜೋಧಪುರದ ಸವಾರರು, ಮೈಸೂರಿನ ಸವಾರರು. ಅವತ್ತೇ ಊರು ಕೈಗೆ ಬಂತು, 1,350 ಜನ ಸೆರೆ ಸಿಕ್ಕಿದ್ರು, 17 ಫಿರಂಗಿ ಸಿಕ್ವು. ನಮ್ಮ ಕಡೆ ಸತ್ತವರು 8 ಜನ, ಗಾಯ ಆದವರು 34 ಜನ, ಕುದುರೆಗಳು 60 ಸತ್ವು.

ಇದು ದೊಡ್ಡ ವಿಷಯ ಹೌದು. ಆ ಸವಾರರ ಧೈರ್ಯದ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿನೇ. ಆದ್ರೆ ನಾನಿವತ್ತು ಮಾತಾಡ್ಬೇಕು ಅಂತ ಬಂದಿರೋದು ಸೆಪ್ಟೆಂಬರ್ ಬಗ್ಗೆ ಅಲ್ಲ, ಅದರ ಮುಂದಿನ ತಿಂಗಳ ಬಗ್ಗೆ. ಅಕ್ಟೋಬರಲ್ಲಿ ಏನಾಯ್ತು ಅಂತ ಯಾರೂ ಕೇಳಲ್ಲ. ಹೈಫಾದಲ್ಲಿ ಗುಂಡಿಗೆ ಎದೆ ಕೊಟ್ಟು ಉಳ್ಕೊಂಡವರು ಅದಾಗಿ ಎರಡು ವಾರಕ್ಕೆ ಕಂಬಳಿ ಹೊದ್ದು ನಡುಗ್ತಾ ಮಲಗಿದ್ರು, ಅವರ ಜೊತೆ ದಂಡಲ್ಲಿದ್ದ ಸಾವಿರಾರು ಜನಕ್ಕೂ ಅದೇ ಗತಿ ಆಯ್ತು, ಎಷ್ಟೋ ಜನ ಏಳಲೇ ಇಲ್ಲ. ಅವರಿಗೆ ಹಾರ ಹಾಕೋ ದಿನ ಅಂತ ಕ್ಯಾಲೆಂಡರಲ್ಲಿ ಯಾವುದೂ ಇಲ್ಲ.

ಸ್ವಲ್ಪ ಹಿಂದಕ್ಕೆ ಹೋಗಿ ಹೇಳ್ತೀನಿ. ಮೈಸೂರು ಲ್ಯಾನ್ಸರ್ಸ್ ಇಲ್ಲಿಂದ ಹೊರಟಿದ್ದು 1914ರ ಅಕ್ಟೋಬರಲ್ಲಿ, ಬೊಂಬಾಯಿಗೆ ಹೋಗಿ ಹಡಗು ಹತ್ತಿ ಈಜಿಪ್ಟಿಗೆ. ಮೊದಲು ಸೂಯೆಜ್ ಕಾಲುವೆ ಕಾಯೋ ಕೆಲಸ, ಆಮೇಲೆ ಸಿನಾಯ್ ಮರಳುಗಾಡು, ಆಮೇಲೆ ಪ್ಯಾಲೆಸ್ಟೈನ್. ಅಂದ್ರೆ ಹೈಫಾ ಹೊತ್ತಿಗೆ ಮನೆ ಬಿಟ್ಟು ನಾಲ್ಕು ವರ್ಷ ಆಗ್ತಾ ಬಂದಿತ್ತು. 1918ರ ಬೇಸಿಗೇಲಿ ಇವರ ಬ್ರಿಗೇಡ್ ಜೋರ್ಡಾನ್ ಕಣಿವೇಲಿತ್ತು. ಆ ಕಣಿವೆ ಸಮುದ್ರಮಟ್ಟಕ್ಕಿಂತ 300 ಮೀಟರಿಗೂ ಹೆಚ್ಚು ಕೆಳಗಡೆ ಇದೆ, ಬಿಸಿಗಾಳಿ ಒಳಗೆ ಬಂದ್ರೆ ಹೊರಗೆ ಹೋಗಲ್ಲ, ಕುದುರೆ ಗೊರಸಿಗೆ ಎದ್ದ ಧೂಳು ಗಂಟೆಗಟ್ಲೆ ಹಾಗೇ ನಿಂತಿರತ್ತೆ. ನೊಣ, ಚೇಳು, ಮತ್ತೆ ಸೊಳ್ಳೆ. ಬೇಸಿಗೇಲಿ ಅಲ್ಲಿ ಇರಕ್ಕಾಗಲ್ಲ ಅನ್ನೋದು ಸ್ಥಳೀಯರಿಗೆಲ್ಲ ಗೊತ್ತಿದ್ದ ವಿಷಯ, ಸೈನ್ಯ ಮಾತ್ರ ಇತ್ತು, ಯಾಕಂದ್ರೆ ಆ ಕಡೆಯಿಂದಲೇ ದಾಳಿ ಮಾಡ್ತೀವಿ ಅಂತ ಶತ್ರು ನಂಬಬೇಕಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಕಣಿವೇಲಿ ಇದ್ದಷ್ಟು ದಿನ ಸೈನ್ಯದವರು ಮಲೇರಿಯಾ ವಿರುದ್ಧ ಒಳ್ಳೇ ಕೆಲಸಾನೇ ಮಾಡಿದ್ರು. ಜೌಗು ನೀರನ್ನ ಕಾಲುವೆ ತೋಡಿ ಹರಿಸಿದ್ರು, ಹಳ್ಳದ ದಡದ ಪೊದೆ ಕಡಿದ್ರು, ಗುಂಡಿ ಮುಚ್ಚಿದ್ರು, ನಿಂತ ನೀರಿಗೆ ಎಣ್ಣೆ ಸುರಿದ್ರು. ಈ ಕೆಲಸ ಮಾಡಿದ್ದು ಭಾರತದ ಕಾಲಾಳುಗಳು, ಈಜಿಪ್ಟಿನ ಕೂಲಿಗಳು, ಅವರ ಕೈಲಿ ಗುದ್ದಲಿ. ಸೊಳ್ಳೆಯಿಂದ ಮಲೇರಿಯಾ ಬರತ್ತೆ ಅನ್ನೋ ತಿಳುವಳಿಕೆಗೆ ಆಗ ಇಪ್ಪತ್ತು ವರ್ಷ ಆಗಿತ್ತು ಅಷ್ಟೆ, 1897ರಲ್ಲಿ ಸಿಕಂದರಾಬಾದಲ್ಲಿ ರೊನಾಲ್ಡ್ ರಾಸ್ ಅದನ್ನ ಕಂಡುಹಿಡಿದಿದ್ದು. ಆ ರಾಸ್‌ಗೆ ಸೊಳ್ಳೆ ಮೇಲೆ ಮೊದಲು ಕಣ್ಣು ಬಿದ್ದಿದ್ದು ಎಲ್ಲಿ ಗೊತ್ತಾ, ನಮ್ಮ ಬೆಂಗಳೂರಲ್ಲಿ. 1883ರಲ್ಲಿ ಇಲ್ಲಿನ ದಂಡಿಗೆ ಡಾಕ್ಟರಾಗಿ ಬಂದಾಗ ತನ್ನ ಬಂಗಲೆ ಹತ್ರ ಇದ್ದ ನೀರಿನ ತೊಟ್ಟೀಲಿ ಸೊಳ್ಳೆ ಮರಿ ಆಗ್ತಿರೋದು ನೋಡಿ, ನೀರು ನಿಲ್ಲದ ಹಾಗೆ ಮಾಡಿದ್ರೆ ಸೊಳ್ಳೆ ಕಾಟ ಕಮ್ಮಿ ಆಗತ್ತೆ ಅಂತ ಯೋಚನೆ ಮಾಡಿದ್ದ. ಅಂದ್ರೆ ಬೆಂಗಳೂರಿನ ಸವಾರ ಸಾವಿರಾರು ಮೈಲಿ ದೂರದಲ್ಲಿ ಯಾವ ಕಾಯಿಲೇಲಿ ಸತ್ತನೋ ಆ ಕಾಯಿಲೆ ಬರೋ ದಾರಿ ಆಗ ಯಾರಿಗೂ ಗೊತ್ತಿಲ್ಲದ ವಿಷಯ ಆಗಿರ್ಲಿಲ್ಲ. ತಡೆಯೋದು ಹೇಗೆ ಅನ್ನೋದೂ ಗೊತ್ತಿತ್ತು.

ಮತ್ತೆ ಯಾಕೆ ಸತ್ರು? ಸೆಪ್ಟೆಂಬರ್ 19ಕ್ಕೆ ದೊಡ್ಡ ದಾಳಿ ಶುರುವಾಯ್ತು, ಕುದುರೆ ದಂಡು ಮುರಿದ ಸಾಲಿನ ಒಳಗೆ ನುಗ್ಗಿ ಓಡ್ತು. ಓಡಿದ್ದು ಎಲ್ಲಿಗೆ ಅಂದ್ರೆ ಇಷ್ಟು ದಿನ ಟರ್ಕಿಯವರ ಕೈಲಿದ್ದ ನೆಲಕ್ಕೆ. ಅಲ್ಲಿ ಯಾರೂ ಕಾಲುವೆ ತೋಡಿರ್ಲಿಲ್ಲ, ಎಣ್ಣೆ ಸುರಿದಿರ್ಲಿಲ್ಲ. ಎಸ್ಡ್ರೇಲನ್ ಬಯಲು, ಕಿಶೋನ್ ದಡ, ಇವೆಲ್ಲ ಮಲೇರಿಯಾಕ್ಕೆ ಮೊದಲಿಂದಲೂ ಹೆಸರಾದ ಜಾಗ. ರಾತ್ರಿ ಎಲ್ಲಿ ನಿಲ್ತಾರೋ ಅಲ್ಲೇ ಮಲಗೋದು, ಸೊಳ್ಳೆ ಪರದೆ ಹೊತ್ಕೊಂಡು ಕುದುರೆ ದಂಡು ಓಡಕ್ಕಾಗಲ್ಲ. ಆವತ್ತು ಸೊಳ್ಳೆ ಕಚ್ಚಿದ್ದು ಯಾರಿಗೂ ಲೆಕ್ಕಕ್ಕೇ ಬರ್ಲಿಲ್ಲ, ಯಾಕಂದ್ರೆ ಈ ಕಾಯಿಲೆ ಕಚ್ಚಿದ ತಕ್ಷಣ ಬರಲ್ಲ, ಹತ್ತು ದಿನ, ಹದಿನೈದು ದಿನ ಮೈಯೊಳಗೇ ಇರತ್ತೆ. ಆ ಹತ್ತು ದಿನದಲ್ಲಿ ಹೈಫಾ ಗೆದ್ರು, ಗಲಿಲಿ ಕಡೆಯಿಂದ ಮೇಲೆ ಹತ್ತಿದ್ರು, ಅಕ್ಟೋಬರ್ 1ಕ್ಕೆ ಡಮಾಸ್ಕಸ್ ಬಿತ್ತು. ಎಲ್ಲಾ ಪೇಪರಲ್ಲಿ ಜಯಭೇರಿ. ಆಗ ಶುರುವಾಯ್ತು.

ಅಕ್ಟೋಬರ್ 5ಕ್ಕೆ ಮುಗಿದ ವಾರದಲ್ಲಿ ದಾಳಿಗೆ ಹೋಗಿದ್ದ ಇಡೀ ಕುದುರೆ ದಂಡಿನಿಂದ ಆಸ್ಪತ್ರೆಗೆ ಹೋದವರು ಸುಮಾರು 1,250 ಜನ, ಅದರ ಮುಂದಿನ ವಾರ 3,100ಕ್ಕೂ ಹೆಚ್ಚು. ಈ ಎರಡು ಅಂಕಿ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ವಾರದಲ್ಲಿ ಎರಡೂವರೆ ಪಟ್ಟು. ಮಲೇರಿಯಾಲಿ ಎರಡು ಮೂರು ಥರ ಇದೆ, ಇದು ಅದರಲ್ಲಿ ಕೆಟ್ಟದ್ದು, ಮಿದುಳಿಗೆ ಏರೋ ಥರ. ಬೆಳಿಗ್ಗೆ ಕುದುರೆಗೆ ಹುಲ್ಲು ಹಾಕಿ ಜೀನು ಬಿಗಿದವನು ಮಧ್ಯಾಹ್ನಕ್ಕೆ ಹಲ್ಲು ಕಟಕಟ ಅಂತ ನಡುಗ್ತಾನೆ, ಸಂಜೆಗೆ ಮೈ ಕೆಂಡ ಆಗತ್ತೆ, ಮಾತು ತಪ್ಪತ್ತೆ, ಎದುರಿಗಿರೋ ಜೊತೆಗಾರನ್ನ ಊರಲ್ಲಿರೋ ಅಣ್ಣ ಅಂದ್ಕೊಂಡು ಕರೀತಾನೆ, ಆಮೇಲೆ ಪ್ರಜ್ಞೆ ಹೋಗತ್ತೆ. ಹೊತ್ತಿಗೆ ಸರಿಯಾಗಿ ಕ್ವಿನೈನ್ ಸಿಕ್ರೆ ಉಳೀತಾನೆ. ಇದರ ಮೇಲೆ ಅದೇ ಅಕ್ಟೋಬರಲ್ಲಿ ಇನ್‌ಫ್ಲುಯೆಂಜಾ ಬಂತು, ಇಡೀ ಪ್ರಪಂಚ ಸುತ್ತಿದ ಆ 1918ರ ಜ್ವರ. ಮಲೇರಿಯಾದಲ್ಲಿ ಜೀರ್ಣ ಆಗಿದ್ದ ಮೈಗೆ ಅದು ಬಂದು ಹತ್ಕೊಂಡ್ರೆ ಇನ್ನೇನು ಉಳಿಯತ್ತೆ ಹೇಳಿ. ಡಾಕ್ಟರುಗಳೇ ಮಲಗಿದ್ರು, ಆಂಬುಲೆನ್ಸ್ ಓಡಿಸೋರು ಮಲಗಿದ್ರು, ಸೆರೆ ಸಿಕ್ಕಿದ್ದ ಟರ್ಕಿಯ ಸಿಪಾಯಿಗಳಂತೂ ಇನ್ನೂ ಕೆಟ್ಟದಾಗಿ ಸತ್ರು, ಅವರೂ ಯಾವುದೋ ಅನಟೋಲಿಯಾದ ಹಳ್ಳಿಯ ರೈತರ ಮಕ್ಕಳೇ ಅಲ್ವಾ. ಆ ದಾಳೀಲಿ ಕುದುರೆ ದಂಡಿನಿಂದ ಗುಂಡಿಗೆ ಸತ್ತವರಿಗಿಂತ ಕಾಯಿಲೇಲಿ ಸತ್ತವರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚು.

ಆ ಕುದುರೆ ದಂಡಿನ ಒಂದು ಭಾಗ ಆಗಿದ್ದ 4ನೇ ಕ್ಯಾವಲ್ರಿ ಡಿವಿಷನ್ ಕಾಯಿಲೆಯಿಂದ ಎಷ್ಟು ಬಡವಾಯ್ತು ಅಂದ್ರೆ ಅದು ಮುಂದಕ್ಕೆ ಹೋಗಕ್ಕೇ ಆಗ್ಲಿಲ್ಲ. ನಮ್ಮವರಿದ್ದ 5ನೇ ಡಿವಿಷನ್ ಹೋಯ್ತು, ಡಮಾಸ್ಕಸಿನಿಂದ ಹೋಮ್ಸ್, ಹಾಮಾ, ಅಲೆಪ್ಪೊ, ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಅವರಲ್ಲೂ ಎಷ್ಟೋ ಜನಕ್ಕೆ ಮೈಯಲ್ಲಿ ಜ್ವರ ಇತ್ತು. ಅಕ್ಟೋಬರ್ 26ಕ್ಕೆ ಅಲೆಪ್ಪೊದ ಆಚೆ ಹರಿತಾನ್ ಅನ್ನೋ ಕಡೆ ಮೈಸೂರು ಮತ್ತೆ ಜೋಧಪುರ ಲ್ಯಾನ್ಸರ್ಸ್ ಇನ್ನೊಂದು ಸಲ ಕುದುರೆ ನುಗ್ಗಿಸಿದ್ರು, 21 ಜನ ಸತ್ರು, ಹೈಫಾಗಿಂತ ಹೆಚ್ಚು. ಅದನ್ನೂ ನಾವು ನೆನೆಯಲ್ಲ, ಅದು ಬೇರೆ ಮಾತು. ನಾಲ್ಕೈದು ದಿನಕ್ಕೆ ಟರ್ಕಿ ಜೊತೆಗಿನ ಯುದ್ಧ ನಿಂತೇ ಹೋಯ್ತು, ಅಕ್ಟೋಬರ್ 31ಕ್ಕೆ.

ನನಗೆ ಇದನ್ನೆಲ್ಲ ಓದುವಾಗ ತುಂಬ ಸಂಕಟ ಆಗೋದು ಒಂದು ವಿಷಯಕ್ಕೆ. ಅದೇ ಸೆಪ್ಟೆಂಬರ್ ಅಕ್ಟೋಬರಲ್ಲಿ ಅದೇ ಇನ್‌ಫ್ಲುಯೆಂಜಾ ಬೆಂಗಳೂರಲ್ಲೂ ಇತ್ತು, ಮೈಸೂರು ಸಂಸ್ಥಾನದ ಹಳ್ಳಿಹಳ್ಳೀಲಿ ಇತ್ತು. ಆ ವರ್ಷದ ಜೂನಲ್ಲಿ ಬೊಂಬಾಯಿ ಬಂದರಿಗೆ ಬಂದ ಜ್ವರ ಒಳನಾಡಿಗೆಲ್ಲ ಹರಡಿ, ಇಡೀ ಇಂಡಿಯಾದಲ್ಲಿ ಒಂದು ಕೋಟಿಗೂ ಮೀರಿ ಜನರನ್ನ ಬಲಿ ತಗೊಂಡಿತು. ಹಾಗಾಗಿ ಸಿರಿಯಾದ ಟೆಂಟಲ್ಲಿ ಮಗ ಕೊನೆಯುಸಿರು ಎಳೀತಿದ್ದ ವಾರದಲ್ಲೇ ಇಲ್ಲಿ ಅವನ ತಾಯಿ ಅದೇ ಕಾಯಿಲೇಲಿ ಮಲಗಿರೋದು ಅಪರೂಪದ ಸಂಗತಿ ಏನಲ್ಲ. ಮಗ ಹೋದ ಅನ್ನೋ ಕಾಗದ ಬರೋ ಹೊತ್ತಿಗೆ ಓದಿಸ್ಕೊಂಡು ಅಳೋಕೆ ಮನೇಲಿ ಯಾರಿದ್ರೋ ಇಲ್ವೋ. ಕಾಗದ ಬಂದ್ರೂ ಓದೋಕೆ ಬರೋರು ಬೇಕಲ್ಲ, ಶಾನುಭೋಗರೋ ಮೇಷ್ಟ್ರೋ ಓದಿ ಹೇಳ್ಬೇಕಿತ್ತು. ಅವನು ನೆನಪಿಂದ ಅಳಿಸಿಹೋಗೋಕೆ ಇದೂ ಒಂದು ಕಾರಣ.

ಈಗ ಮೆಸೊಪೊಟೇಮಿಯಾಗೆ ಬರ್ತೀನಿ, ಅಂದ್ರೆ ಇವತ್ತಿನ ಇರಾಕ್. ಇಂಡಿಯಾದಿಂದ ಅತಿ ಹೆಚ್ಚು ಜನ ಹೋಗಿದ್ದು ಅಲ್ಲಿಗೇ, 5 ಲಕ್ಷಕ್ಕೂ ಮೀರಿ, ಅದರಲ್ಲಿ ಲಕ್ಷಗಟ್ಟಲೆ ಜನ ಬಂದೂಕು ಮುಟ್ಟದವರು, ಹೇಸರಗತ್ತೆ ಓಡಿಸೋರು, ನೀರು ಹೊರೋರು, ಅಡುಗೆಯವರು, ಕುದುರೆ ಲಾಯದವರು, ಕಕ್ಕಸು ತೊಳೆಯೋರು. ನಮ್ಮ ಮೈಸೂರು ಸಂಸ್ಥಾನದ ಟ್ರಾನ್ಸ್‌ಪೋರ್ಟ್ ಕೋರ್ ಹೋಗಿದ್ದೂ ಅಲ್ಲಿಗೇ. ಅವರ ಕೆಲಸ ದಿನಾ ಗಾಡಿ ಹೂಡಿ ಸಾಮಾನು ಸಾಗ್ಸೋದು. ಈ ಕೆಲಸದಲ್ಲಿ ಕುದುರೆ ನುಗ್ಗಿಸೋದಿಲ್ಲ, ಈಟಿ ಇಲ್ಲ, ಚಿತ್ರ ಬರೆಯೋ ಅಂಥದ್ದು ಏನೂ ಇಲ್ಲ. ಬೇಸಿಗೇಲಿ 45 ಡಿಗ್ರಿ ದಾಟೋ ಬಿಸಿಲು, ಕುಡಿಯಕ್ಕೆ ನದಿ ನೀರು, ಅದೇ ನದಿಗೆ ಇಡೀ ಕ್ಯಾಂಪಿನ ಹೊಲಸು. ಭೇದಿ, ಕಾಲರಾ, ಬಿಸಿಲು ಬಡಿದು ಸಾಯೋದು, ತರಕಾರಿ ಇಲ್ಲದೆ ಸ್ಕರ್ವಿ.

ಅಲ್ಲಿನದೊಂದು ಘಟನೆ ಬಿಡಿಸಿ ಹೇಳ್ತೀನಿ, ಊಟದ ಹೊತ್ತು ಹತ್ರ ಬಂದಿದೆ, ಕ್ಷಮಿಸಿ, ಆದ್ರೆ ಹೇಳ್ಲೇಬೇಕು. 1915ರ ನವೆಂಬರಲ್ಲಿ ಬಾಗ್ದಾದ್ ಹತ್ರ ಟೆಸಿಫಾನ್ ಅನ್ನೋ ಕಡೆ ದೊಡ್ಡ ಕಾಳಗ ಆಯ್ತು, ಸೋತು ಹಿಂದಕ್ಕೆ ಬಂದ್ರು. ಗಾಯಾಳುಗಳನ್ನ, ಕಾಯಿಲೆಯವರನ್ನ ಟೈಗ್ರಿಸ್ ನದೀಲಿ ಸ್ಟೀಮರ್ ಮೇಲೆ ಬಸ್ರಾಗೆ ಕಳ್ಸಿದ್ರು. ಮೆಜಿದಿಯೆ ಅಂತ ಒಂದು ಸ್ಟೀಮರ್, ಅದರ ಪಕ್ಕಕ್ಕೆ ಕಟ್ಟಿದ್ದ ಎರಡು ಬಾರ್ಜು. ಬಸ್ರಾದಲ್ಲಿ ಆಸ್ಪತ್ರೆ ಹಡಗಿನ ಉಸ್ತುವಾರಿಯಲ್ಲಿದ್ದ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಡಾಕ್ಟರ್ ಮೇಜರ್ ಕಾರ್ಟರ್ ಅದು ಬರೋದನ್ನ ನೋಡ್ತಾ ನಿಂತಿದ್ರು. ದೂರದಿಂದ ನೋಡಿದ್ರೆ ಸ್ಟೀಮರಿನ ಸುತ್ತ ಹಗ್ಗ ಇಳಿಬಿಟ್ಟ ಹಾಗೆ ಕಾಣ್ತಿತ್ತಂತೆ. ಹತ್ರ ಬಂದ ಮೇಲೆ ಗೊತ್ತಾಯ್ತು, ಅದು ಹಗ್ಗ ಅಲ್ಲ, ಭೇದಿ ಆದವರ ಮಲ ಹಡಗಿನ ಪಕ್ಕದಲ್ಲಿ ಸೋರಿ ಒಣಗಿ ನೇತಾಡ್ತಿರೋದು. ಡೆಕ್ ತುಂಬ ಜನರನ್ನ ಒತ್ತೊತ್ತಾಗಿ ತುಂಬಿದ್ರು, ಅಂಚಿಗೆ ಹೋಗಿ ಕೂರೋಕೂ ಶಕ್ತಿ ಇಲ್ಲದವರು ಇದ್ದಲ್ಲೇ ಬಿದ್ದಿದ್ರು, ಮುರಿದ ಮೂಳೆಗೆ ವಿಸ್ಕಿ ಪೆಟ್ಟಿಗೆ ಹಲಗೆ ಕಟ್ಟಿದ್ರು. ಕಾರ್ಟರ್ ಇದನ್ನ ಮೇಲಿನವರಿಗೆ ಹೇಳಿದ್ದಕ್ಕೆ ಅವರಿಗೇ ಬೈಗುಳ ಬಿತ್ತು, ಎಲ್ಲದಕ್ಕೂ ಮೂಗು ತೂರಿಸ್ತಾನೆ ಅಂತ, ಕೆಲಸದಿಂದ ತೆಗೀತೀವಿ ಅಂತ ಹೆದರಿಸಿದ್ರು. ಆದ್ರೆ ಮನುಷ್ಯ ಸುಮ್ಮನಾಗ್ಲಿಲ್ಲ. ಲಂಡನ್ನಲ್ಲಿ ವಿಚಾರಣೆ ಆಯೋಗ ಕೂತಾಗ ಎಲ್ಲಾ ಹೇಳಿದ್ರು, 1917ರಲ್ಲಿ ವರದಿ ಹೊರಗೆ ಬಂತು, ಬ್ರಿಟಿಷ್ ಸರ್ಕಾರದಲ್ಲಿ ಇಂಡಿಯಾ ಮಂತ್ರಿ ಆಗಿದ್ದ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಡ್ಬೇಕಾಯ್ತು.

ನಾನು ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಕಾಯಿಲೆ ಬಂದು ಸತ್ತ ಅಂದಾಗ ನಮ್ಮ ಬಾಯಲ್ಲಿ ತಕ್ಷಣ ಬರೋ ಮಾತು 'ಏನ್ಮಾಡಕ್ಕಾಗತ್ತೆ, ಅವನ ಹಣೆಬರಹ'. ಆ ಮೆಜಿದಿಯೆ ಮೇಲೆ ಬಿದ್ದಿದ್ದವನ ಹಣೇಲಿ ಯಾರೂ ಅದನ್ನ ಬರೆದಿರ್ಲಿಲ್ಲ. ನದೀಲಿ ಓಡೋಕೆ ಆಸ್ಪತ್ರೆ ಸ್ಟೀಮರ್ ಬೇಕು ಅಂತ ಗೊತ್ತಿದ್ರೂ ತರಿಸಿರ್ಲಿಲ್ಲ, ಖರ್ಚು ಹಿಡಿದು ಯುದ್ಧ ಮಾಡಿ ಅಂತ ಮೇಲಿಂದ ಒತ್ತಡ ಇತ್ತು, ಬಾಗ್ದಾದ್ ಹಿಡಿದ್ರೆ ಹೆಸರು ಬರತ್ತೆ ಅಂತ ಆಸೆ ಇತ್ತು. ಇಷ್ಟೂ ಮೇಜಿನ ಮುಂದೆ ಕೂತು ತಗೊಂಡ ತೀರ್ಮಾನಗಳು. ಗುಂಡು ಹೊಡೆದವನು ಶತ್ರು ಅಂತ ಹೇಳಬಹುದು, ಭೇದಿಗೆ ಶತ್ರು ಯಾರು ಅಂತ ಹುಡುಕ್ತಾ ಹೋದ್ರೆ ಎಷ್ಟೋ ಸಲ ನಮ್ಮ ಕಡೆಯ ಆಫೀಸಿಗೇ ಬಂದು ನಿಲ್ಲತ್ತೆ, ಅವನನ್ನ ನೆನೆಯೋದು ಯಾವ ಸರ್ಕಾರಕ್ಕೂ ಸುಲಭ ಆಗದೇ ಇರೋದಕ್ಕೆ ಅದೂ ಒಂದು ಕಾರಣ ಅಂತ ನನಗನ್ಸತ್ತೆ.

ಅದಾದ ಮೇಲೆ ಕೂಟ್ ಮುತ್ತಿಗೆ. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಟೈಗ್ರಿಸ್ ತಿರುವಿನ ಆ ಸಣ್ಣ ಊರಲ್ಲಿ ಸೈನ್ಯ ಸಿಕ್ಕಿಹಾಕ್ಕೊಂಡು ಕೂತಿತ್ತು. ಅಲ್ಲಿ ಊಟದ ಕಥೆ ನೋಡಿ. ಗೋರಾ ಸಿಪಾಯಿಗಳು ಬಿಳೀ ಹಿಟ್ಟಿನ ಬ್ರೆಡ್ ತಿಂದು ಬೆರಿಬೆರಿ ಬಂದು ಕಾಲು ಊದಿ ಬಿದ್ರು, ನಮ್ಮವರು ಹೊಟ್ಟಿರೋ ಆಟಾ ರೊಟ್ಟಿ ತಿಂತಿದ್ದಕ್ಕೆ ಅವರಿಗೆ ಬೆರಿಬೆರಿ ಬರ್ಲಿಲ್ಲ. ಆದ್ರೆ ತರಕಾರಿ ಇಲ್ಲ, ಕುದುರೆ ಮಾಂಸ ತಿನ್ನೋಕೆ ಧರ್ಮ ಅಡ್ಡ ಬಂತು, ಬಹಳ ಜನ ಕೊನೇವರೆಗೂ ಮುಟ್ಲಿಲ್ಲ, ಹಾಗಾಗಿ ಸ್ಕರ್ವಿ ಹಿಡೀತು. ಒಸಡು ಊದಿ ರಕ್ತ ಬರತ್ತೆ, ಹಲ್ಲು ಅಲ್ಲಾಡತ್ತೆ, ಹಳೇ ಗಾಯ ಮತ್ತೆ ಬಾಯಿ ಬಿಡತ್ತೆ, ಕಾವಲಿಗೆ ನಿಂತವನು ನಿಂತಲ್ಲೇ ಕುಸೀತಾನೆ. ನಿಂಬೆಹಣ್ಣು, ಒಂದಿಷ್ಟು ಸೊಪ್ಪು ಸಿಕ್ಕಿದ್ರೆ ಉಳಿಯೋ ಜೀವ. ಕೊನೆಗೆ ಸುಮಾರು 13,000 ಜನ ಶರಣಾದ್ರು, ಸೆರೇಲಿ ಮರಳುಗಾಡು ನಡೆಸಿ ಕರ್ಕೊಂಡು ಹೋಗಿದ್ರಲ್ಲಿ, ಆಮೇಲೆ ಕ್ಯಾಂಪುಗಳಲ್ಲಿ, 4,000ಕ್ಕೂ ಹೆಚ್ಚು ಜನ ಸತ್ರು. ಇಡೀ ಮೆಸೊಪೊಟೇಮಿಯಾ ಯುದ್ಧದ ಅಧಿಕೃತ ಲೆಕ್ಕ ತೆಗೆದ್ರೆ ಹೊಡೆದಾಟದಲ್ಲಿ ಸ್ಥಳದಲ್ಲೇ ಸತ್ತವರು 11,012, ಕಾಯಿಲೇಲಿ ಸತ್ತವರು 12,678.

ಕಾಯಿಲೆ ಏನು ಸಿಪಾಯಿ, ಜನರಲ್ ಅಂತ ನೋಡ್ಲಿಲ್ಲ. ಕೂಟ್ ಮುತ್ತಿಗೆಯ ಕಾಲದಲ್ಲಿ ಟರ್ಕಿ ಕಡೆ ದೊಡ್ಡ ಸೇನಾಪತಿ ಆಗಿದ್ದ ಜರ್ಮನಿಯ ಫೀಲ್ಡ್ ಮಾರ್ಷಲ್ ಫಾನ್ ಡೆರ್ ಗೋಲ್ಟ್ಸ್, ಗೆಲುವಿಗೆ ಹತ್ತು ದಿನ ಇರೋವಾಗ ಬಾಗ್ದಾದಲ್ಲಿ ಟೈಫಸ್ ಬಂದು ಸತ್ರು. ಈ ಕಡೆ, 1917ರ ಮಾರ್ಚಲ್ಲಿ ಬಾಗ್ದಾದ್ ಗೆದ್ದ ಜನರಲ್ ಮಾಡ್ ಅದೇ ವರ್ಷ ನವೆಂಬರ್ 18ಕ್ಕೆ ಅದೇ ಊರಲ್ಲಿ ಕಾಲರಾ ಬಂದು ಸತ್ರು. ಮಾಡ್‌ಗೆ ಬಾಗ್ದಾದಿನ ಸ್ಮಶಾನದಲ್ಲಿ ಗುಮ್ಮಟದ ಸಮಾಧಿ ಕಟ್ಟಿದ್ರು, ಊರಲ್ಲಿ ಕುದುರೆ ಮೇಲೆ ಕೂತ ಪ್ರತಿಮೆ ನಿಲ್ಸಿದ್ರು. ಕಾಲರಾದಲ್ಲಿ ಸತ್ರು ಅಂತ ಅವರ ಗೌರವ ಒಂದು ಚೂರೂ ಕಮ್ಮಿ ಆಗ್ಲಿಲ್ಲ, ಆಗಬೇಕಾಗೂ ಇರ್ಲಿಲ್ಲ. ನಾನು ಕೇಳ್ತಿರೋದು ಇಷ್ಟೇ, ಅದೇ ಊರಲ್ಲಿ ಅದೇ ಕಾಲರಾದಲ್ಲಿ ಸತ್ತ ಗಾಡಿ ಹೊಡೆಯೋನಿಗೆ ಏನು ಸಿಕ್ತು?

ಏನು ಸಿಕ್ತು ಅಂತ ಹೇಳ್ತೀನಿ. ಬಸ್ರಾದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತು ಗೋರಿ ಗೊತ್ತಿಲ್ಲದವರಿಗೆ ಅಂತ ಒಂದು ದೊಡ್ಡ ಸ್ಮಾರಕ ಇದೆ, 1929ರಲ್ಲಿ ಉದ್ಘಾಟನೆ ಆಗಿದ್ದು, 40,000ಕ್ಕೂ ಹೆಚ್ಚು ಜನಕ್ಕೆ. ಬ್ರಿಟಿಷ್ ಸಿಪಾಯಿಯಾದ್ರೆ ಹೆಸರು ಕೆತ್ತಿದಾರೆ. ಇಂಡಿಯಾದವರಲ್ಲಿ ಆಫೀಸರುಗಳ ಹೆಸರು ಕೆತ್ತಿದಾರೆ. ಮಿಕ್ಕ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರು ಹಾಕಿ ಕೆಳಗೆ 'ಮತ್ತು ಇಷ್ಟು ಜನ' ಅಂತ ಒಂದು ಅಂಕಿ. ಹೆಸರುಗಳು ರಿಜಿಸ್ಟರಲ್ಲಿ ಇದ್ವು, ಕಲ್ಲಲ್ಲಿ ಬರ್ಲಿಲ್ಲ. ಸೈನಿಕರ ಸಮಾಧಿಗಳನ್ನ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರಲ್ಲಿ ಇದನ್ನ ಒಪ್ಕೊಂಡು ಕ್ಷಮೆ ಕೇಳ್ತು, ಏಷ್ಯಾ, ಆಫ್ರಿಕಾ ಕಡೆಯ 45,000ದಿಂದ 54,000 ಜನರನ್ನ ಬೇರೆಯವರಿಗೆ ಸಮನಾಗಿ ನೆನೆದಿಲ್ಲ ಅಂತ. ದೆಹಲಿಯ ಇಂಡಿಯಾ ಗೇಟ್ ಮೇಲೆ 13,000ಕ್ಕೂ ಹೆಚ್ಚು ಹೆಸರಿದೆ, ಆ ಯುದ್ಧದಲ್ಲಿ ಸತ್ತ ಭಾರತೀಯರು ಸುಮಾರು 74,000. ಇನ್ನು ಹಳ್ಳಿಗಳಲ್ಲಿ ಬ್ರಿಟಿಷರ ಕಾಲದ ಸಣ್ಣ ಕಲ್ಲುಫಲಕ ನೀವು ನೋಡಿರಬಹುದು, ಈ ಊರಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಅಂತ, ಅದರಲ್ಲೂ ಬರೀ ಅಂಕಿ. ಒಂದೇ ಊರು, ಎಲ್ಲರಿಗೂ ಎಲ್ಲರೂ ಗೊತ್ತು, ನಾಲ್ಕು ಹೆಸರು ಕೆತ್ತೋಕೆ ಏನು ಕಷ್ಟ ಇತ್ತು ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಬರೀ ಬ್ರಿಟಿಷರನ್ನ ಬೈದ್ರೆ ಸಾಕಾಗಲ್ಲ, ನಮ್ಮ ಕಡೆಯದ್ದೂ ಹೇಳ್ಬೇಕು. ಸತ್ತ ಸಿಪಾಯಿಗೆ ಕಲ್ಲು ನಿಲ್ಸೋದು ನಮಗೆ ಹೊಸದಲ್ಲ, ಕರ್ನಾಟಕದಷ್ಟು ವೀರಗಲ್ಲು ಬೇರೆ ಕಡೆ ಸಿಗೋದು ಕಷ್ಟ. ಬೆಂಗಳೂರು ಅನ್ನೋ ಹೆಸರು ನಮಗೆ ಮೊದಲು ಸಿಗೋದೇ ಬೇಗೂರಿನ ಒಂದು ಕಲ್ಲಲ್ಲಿ, ಸುಮಾರು ಸಾವಿರದ ನೂರು ವರ್ಷದ ಹಿಂದಿನದು, ಬೆಂಗಳೂರ ಕಾಳಗದಲ್ಲಿ ಬುಟ್ಟಣಸೆಟ್ಟಿ ಸತ್ತ ಅಂತ. ರಾಜ ಅಲ್ಲ, ಚಕ್ರವರ್ತಿ ಅಲ್ಲ, ಆದ್ರೂ ಹೆಸರು ಉಳೀತು. ವೀರಗಲ್ಲು ನೋಡಿದೀರಲ್ಲ, ಕೆಳಗಿನ ಪಟ್ಟೀಲಿ ಹೊಡೆದಾಟ, ಮಧ್ಯದಲ್ಲಿ ಅಪ್ಸರೆಯರು ಕೈ ಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಿರೋದು, ಮೇಲ್ಗಡೆ ಶಿವಲಿಂಗದ ಮುಂದೆ ಕೂತಿರೋದು. ದನ ಬಿಡಿಸೋಕೆ ಹೋಗಿ ಸತ್ತವನಿಗೆ ಕಲ್ಲಿದೆ, ಹುಲಿ ಜೊತೆ ಹೋರಾಡಿ ಸತ್ತವನಿಗೆ ಕಲ್ಲಿದೆ, ಊರು ಕಾಯ್ತಾ ಸತ್ತವನಿಗೆ ಕಲ್ಲಿದೆ. ದಂಡಿನ ಜೊತೆ ಹೋಗಿ ದಾರೀಲಿ ವಾಂತಿಭೇದಿ ಬಂದು ಸತ್ತವನಿಗೆ ಮಾತ್ರ ನಾನು ಹುಡುಕಿದ ಕಡೆ ಎಲ್ಲೂ ಕಲ್ಲು ಕಂಡಿಲ್ಲ. ಆ ಕೆಳಗಿನ ಪಟ್ಟೀಲಿ ಏನು ಕೆತ್ತಬೇಕು ಅಂತ ಶಿಲ್ಪಿಗೆ ಗೊತ್ತಾಗ್ತಿರ್ಲಿಲ್ಲ ಅಂತ ಕಾಣತ್ತೆ. ಮರಣಕ್ಕೆ ಒಂದು ದೃಶ್ಯ ಇರಬೇಕು ಅನ್ನೋದು ನಮ್ಮ ಮನಸ್ಸಲ್ಲಿ ಅಷ್ಟು ಆಳಕ್ಕೆ ಕೂತಿದೆ, ಹೈಫಾ ನಮಗೆ ಅಷ್ಟು ಹಿಡಿಸೋದೂ ಅದಕ್ಕೇ.

ಕಾಯಿಲೇಲಿ ಸತ್ತವನ ಹೆಸರು ಉಳಿದಿರೋ ಕಡೆ ನೋಡಿದ್ರೆ ಅಲ್ಲೊಬ್ಬರು ಬರೆಯೋರು ಇದ್ರು ಅಂತ ಗೊತ್ತಾಗತ್ತೆ. ಕ್ಯಾಪ್ಟನ್ ಕಲ್ಯಾಣ್ ಕುಮಾರ್ ಮುಖರ್ಜಿ ಅಂತ ಬಂಗಾಳದ ಡಾಕ್ಟರ್ ಕೂಟ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ರು, ಸೆರೆ ಹೋಗಿ 1917ರಲ್ಲಿ ಅಲ್ಲಿ ಬೇರೆ ಸೆರೆಯಾಳುಗಳಿಗೆ ಔಷಧ ಮಾಡ್ತಾ ಜ್ವರ ಬಂದು ತೀರ್ಕೊಂಡ್ರು. ಮನೆಗೆ ಕಾಗದ ಬರೀತಿದ್ರು. ಹತ್ತು ವರ್ಷ ಆದ ಮೇಲೆ ಅವರ ಅಜ್ಜಿ ಮೋಕ್ಷದಾ ದೇವಿ, ಮುದಿ ವಯಸ್ಸಲ್ಲಿ, ಆ ಕಾಗದಗಳನ್ನೆಲ್ಲ ಇಟ್ಕೊಂಡು ಮೊಮ್ಮಗನ ಜೀವನ ಬರೆದು ಪುಸ್ತಕ ಮಾಡಿದ್ರು. ಇವತ್ತು ಮೆಸೊಪೊಟೇಮಿಯಾ ಬಗ್ಗೆ ಓದೋ ಪ್ರತಿಯೊಬ್ಬರಿಗೂ ಕಲ್ಯಾಣ್ ಗೊತ್ತು. ನಮ್ಮ ಟ್ರಾನ್ಸ್‌ಪೋರ್ಟ್ ಕೋರಿನ ಗಾಡಿಯವನಿಗೂ ಅಜ್ಜಿ ಇದ್ದಿರ್ತಾಳೆ, ಅವಳೂ ಅಷ್ಟೇ ಅತ್ತಿರ್ತಾಳೆ, ಅವಳ ಕೈಲಿ ಪೆನ್ನು ಇರ್ಲಿಲ್ಲ ಅಷ್ಟೆ.

ಇಲ್ಲಿಗೆ ನನ್ನ ಮಾತು ನಿಲ್ಸಿದ್ದೆ. ಆಮೇಲೆ ಮೊದಲ ಸಾಲಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಕೇಳಿದ್ರು, ನೀವು ಹೇಳೋದೆಲ್ಲ ಸರಿ ಆದ್ರೆ ಎಲ್ಲರನ್ನೂ ಒಂದೇ ಥರ ನೆನೆದ್ರೆ ಎದೆ ಕೊಟ್ಟು ನುಗ್ಗಿದವನಿಗೆ ಅನ್ಯಾಯ ಆಗಲ್ವಾ ಅಂತ. ಒಳ್ಳೇ ಪ್ರಶ್ನೆ, ಸುಮ್ಮನೆ ತಳ್ಳಿಹಾಕೋ ಅಂಥದ್ದಲ್ಲ. ನಾನು ಹೇಳಿದ್ದು ಇದು. ನುಗ್ಗಿದವನಿಗೆ ಪದಕ ಕೊಡಿ, ವಿಶೇಷ ಗೌರವ ಕೊಡಿ, ಅದು ಬೇರೆ. ಆದ್ರೆ ಯುದ್ಧದಲ್ಲಿ ತೀರ್ಕೊಂಡವರು ಅಂತ ಪಟ್ಟಿ ಮಾಡುವಾಗ ಇಬ್ಬರೂ ಒಂದೇ ಪಟ್ಟೀಲಿ ಬರ್ಬೇಕು. ವಾರ್ ಗ್ರೇವ್ಸ್ ಕಮಿಷನ್ನಿನ ನಿಯಮಾನೇ ಹಾಗಿದೆ, 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ಒಳಗೆ ಸೇವೇಲಿ ಸತ್ತವನು ಗುಂಡಿಗೆ ಸತ್ರೂ ಸೈ ಜ್ವರಕ್ಕೆ ಸತ್ರೂ ಸೈ, ಯುದ್ಧದಲ್ಲಿ ಸತ್ತವನೇ. ನಿಯಮ ಸರಿಯಾಗೇ ಇತ್ತು, ನಡ್ಕೊಂಡಿದ್ದು ಸರಿ ಇರ್ಲಿಲ್ಲ.

ಮತ್ತೆ ಧೈರ್ಯದ ಮಾತು. ಹನುಮಂತಪ್ಪ ಕೊಪ್ಪದ ಅವರನ್ನ ನೆನಪು ಮಾಡ್ಕೊಳ್ಳಿ, ಕುಂದಗೋಳ ತಾಲ್ಲೂಕು ಬೆಟದೂರಿನವರು. 2016ರ ಫೆಬ್ರವರಿ 3ಕ್ಕೆ ಸಿಯಾಚಿನಲ್ಲಿ 19,000 ಅಡಿಗೂ ಮೇಲೆ ಹಿಮ ಕುಸಿದು ಹತ್ತು ಜನ ಮುಚ್ಚಿಹೋದ್ರು, ಆರು ದಿನ ಆದ ಮೇಲೆ ಅಗೆದಾಗ ಇವರೊಬ್ಬರು ಇನ್ನೂ ಉಸಿರಾಡ್ತಿದ್ರು. ದೆಹಲಿ ಆಸ್ಪತ್ರೇಲಿ ನ್ಯುಮೋನಿಯಾ, ಕಿಡ್ನಿ ಲಿವರ್ ಕೆಲಸ ನಿಲ್ಲಿಸಿದ್ದು, 11ನೇ ತಾರೀಕು ತೀರ್ಕೊಂಡ್ರು. ಆ ಎರಡು ಮೂರು ದಿನ ಕರ್ನಾಟಕದಲ್ಲಿ ಎಷ್ಟು ಮನೇಲಿ ದೀಪ ಹಚ್ಚಿದ್ರು, ಎಷ್ಟು ದೇವಸ್ಥಾನ ಮಸೀದೀಲಿ ಪ್ರಾರ್ಥನೆ ಮಾಡಿದ್ರು ನಿಮಗೇ ಗೊತ್ತು. ಅವರಿಗೆ ಯಾರೂ ಗುಂಡು ಹೊಡೆದಿರ್ಲಿಲ್ಲ. ಯಾರಾದ್ರೂ ಒಬ್ಬರು ಕೇಳಿದ್ರಾ, ಇವರು ಕಾಳಗದಲ್ಲಿ ಸತ್ತಿಲ್ವಲ್ಲ ಅಂತ? ಆ ಹಿರಿಯರು ಇದಕ್ಕೆ ಏನೂ ಹೇಳ್ಲಿಲ್ಲ, ತಲೆ ಆಡ್ಸಿ ಕೂತ್ರು. ಅವರೂ ಒಂದು ಕಾಲದಲ್ಲಿ ಸೈನ್ಯದಲ್ಲಿದ್ದವರು ಅಂತ ಆಮೇಲೆ ಗೊತ್ತಾಯ್ತು.

ಇನ್ನೊಬ್ಬ ಹುಡುಗಿ, ಕಾಲೇಜ್ ಓದ್ತಿರೋಳು, ನಮ್ಮ ಮುತ್ತಜ್ಜನ ತಮ್ಮ ಮಿಲಿಟರಿಗೆ ಹೋಗಿ ವಾಪಸ್ ಬರ್ಲಿಲ್ಲ ಅಂತ ಮನೇಲಿ ಹೇಳ್ತಾರೆ, ಹೆಸರು ಬಿಟ್ರೆ ಏನೂ ಗೊತ್ತಿಲ್ಲ, ಎಲ್ಲಿ ಹುಡುಕೋದು ಅಂತ ಕೇಳಿದ್ಲು. ಇದಕ್ಕೆ ಸ್ವಲ್ಪ ವಿವರವಾಗೇ ಹೇಳ್ತೀನಿ, ಬೇರೆಯವರಿಗೂ ಉಪಯೋಗ ಆಗ್ಲಿ.

ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಲ್ಲಿ ಸತ್ತವರ ಪಟ್ಟಿ ಇದೆ, ದುಡ್ಡು ಕೊಡ್ಬೇಕಾಗಿಲ್ಲ. ಹೆಸರು ಹಾಕಿ ಹುಡುಕಿದ್ರೆ ಸಿಗದೇ ಇರಬಹುದು, ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರ್ಕೊಂಡಿರ್ತಾನೆ. ಹಾಗಾಗಿ ಊರು, ತಾಲ್ಲೂಕು, ಜಿಲ್ಲೆ ಹೆಸರನ್ನ ಹಳೇ ಸ್ಪೆಲ್ಲಿಂಗಲ್ಲಿ ಹಾಕಿ ನೋಡಿ, ಎಷ್ಟೋ ದಾಖಲೇಲಿ ತಂದೆ ಹೆಸರು, ಊರು, ಜಿಲ್ಲೆ ಎಲ್ಲಾ ಇರತ್ತೆ. ಏನಾಗಿ ಸತ್ತ ಅಂತ ಸಾಮಾನ್ಯವಾಗಿ ಇರಲ್ಲ. ತಾರೀಕು ನೋಡಿ, ಸ್ಥಳ ನೋಡಿ, ಅವತ್ತು ಅಲ್ಲಿ ಕಾಳಗ ಇತ್ತಾ ಅಂತ ನೋಡಿ. 1918ರ ಅಕ್ಟೋಬರ್ ಮಧ್ಯದಲ್ಲಿ ಡಮಾಸ್ಕಸ್ ಅಂತಿದ್ರೆ ಅದು ಹೆಚ್ಚು ಕಮ್ಮಿ ಜ್ವರಾನೇ.

ಮನೇಲಿ ಹಳೇ ಟ್ರಂಕ್ ಇದ್ರೆ ತಡಕಿ. ಆ ಯುದ್ಧದ ಮೆಡಲ್ ಒಂದು ಇರಬಹುದು, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಮನುಷ್ಯ. ಸಿಪಾಯಿಗಾದ್ರೆ ಬೆಳ್ಳೀದು, ಕೂಲಿ ಕೆಲಸದವರಿಗೆ ಕಂಚಿನದ್ದು ಕೊಟ್ಟಿದ್ರು, ಕಂಚಿಂದು ಸಿಕ್ರೆ ಕಮ್ಮಿ ಅಂತ ತಿಳ್ಕೋಬೇಡಿ, ಅದು ಸಿಗೋದೇ ಅಪರೂಪ. ಮುಖ ನೋಡಿ ಇಟ್ಬಿಡ್ಬೇಡಿ, ಅಂಚು ನೋಡಿ. ಆ ಸಣ್ಣ ಅಂಚಿನ ಸುತ್ತ ಅವನ ನಂಬರು, ಹುದ್ದೆ, ಹೆಸರು, ದಂಡಿನ ಹೆಸರು ಅಚ್ಚು ಹಾಕಿರ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದು, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕೋಕೆ ಮಾತ್ರ ಹೋಗ್ಬೇಡಿ, ಅಕ್ಷರ ಸವೆದುಹೋಗತ್ತೆ. ಹೆಸರು ಸಿಕ್ಕಿದ್ರೆ ಹಾಳೇಲಿ ಕನ್ನಡದಲ್ಲಿ ಬರೆದು ಅದರ ಜೊತೇಲೇ ಇಡಿ, ಊರಲ್ಲಿ ಇನ್ಯಾರ ಮನೇಲಿ ಇಂಥದ್ದಿದೆ ಅಂತ ಕೇಳಿ, ಸಿಕ್ಕಿದ್ದನ್ನ ನನಗೂ ಒಂದು ಫೋಟೋ ಕಳ್ಸಿ.